ಜೋಗುಳದಲ್ಲಿ ಸಿಕ್ಕ ಒಡಹುಟ್ಟಿದವಳು

ಉರ್ದು ಶಾಲೆಯಲ್ಲಿ ಓದಿದ ನನ್ನಂಥವರಿಗೆ ಸ್ಪೇನ್ ಎಂದರೆ ಅಂದಲೂಸ್, ಕಳೆದುಹೋದ ಮನೆ. ಇಕ್ಬಾಲರು 1933ರಲ್ಲಿ ಕಾರ್ಡೋವಾಕ್ಕೆ ಹೋಗಿ ಅಲ್ಲಿನ ಮಸೀದಿಯ ಮೇಲೆ ಬರೆದ ಕವಿತೆಯನ್ನು ನಮ್ಮ ಉಸ್ತಾದರು ಕಣ್ಣಲ್ಲಿ ನೀರು ತುಂಬಿಕೊಂಡು ಓದುತ್ತಿದ್ದರು. 1492ರ ಜನವರಿಯಲ್ಲಿ ಗ್ರಾನಡಾ ಕೈತಪ್ಪಿತೆಂದು ನಾವೂ ಮರುಗುತ್ತಿದ್ದೆವು. ಅದೇ ಗ್ರಾನಡಾದಲ್ಲಿ, ಅದೇ ವರ್ಷದ ಮಾರ್ಚ್ 31ರಂದು, ಯಹೂದಿಗಳು ಮತ ಬದಲಿಸಬೇಕು ಇಲ್ಲವೇ ದೇಶ ಬಿಡಬೇಕು ಎಂಬ ಆಜ್ಞೆ ಹೊರಟಿತೆಂದು ನಮಗೆ ಯಾರೂ ಹೇಳಲಿಲ್ಲ. ನಮ್ಮ ದುಃಖದಲ್ಲಿ ನೆರೆಮನೆಯವರಿಗೆ ಜಾಗವಿರಲಿಲ್ಲ.

ಹೊರಟವರಲ್ಲಿ ಅನೇಕರು ಮೊರಾಕ್ಕೊ ಸೇರಿದರು. ಅನೇಕರು ಉಸ್ಮಾನಿ ಸುಲ್ತಾನರ ಸಲೋನಿಕಾ, ಇಸ್ತಾಂಬುಲ್‌ಗಳಿಗೆ, ಮುಂದೆ ಸರಾಯೆವೊಗೆ ಬಂದರು. ಸುಲ್ತಾನ್ ಎರಡನೇ ಬಾಯಜೀದ್ ಆಶ್ರಯ ಕೊಟ್ಟದ್ದನ್ನು ನಾವು ಸಭೆಗಳಲ್ಲಿ ಎದೆಯುಬ್ಬಿಸಿ ಹೇಳುತ್ತೇವೆ. ಹೇಳೋಣ. ಆದರೆ ಬಂದವರು ಏನನ್ನು ಹೊತ್ತು ತಂದರೆಂದು ಕೇಳುವುದಿಲ್ಲ. ಗಂಡಸರ ಪ್ರಾರ್ಥನೆ ಹೀಬ್ರೂವಿನಲ್ಲಿತ್ತು. ಮನೆಯೊಳಗೆ ಹೆಂಗಸರು ಹಳೆಯ ಸ್ಪ್ಯಾನಿಷ್ ಕಥನಗೀತೆಗಳನ್ನು ತೊಟ್ಟಿಲು ತೂಗುತ್ತಾ, ಮದುವೆಮನೆಯಲ್ಲಿ ಕೂತು, ಬಾಯಿಂದ ಬಾಯಿಗೆ ದಾಟಿಸಿದರು. ಭಕ್ತಿಗೀತೆಗಳೆಂದು ತಿಳಿಯಬೇಡಿ. ಯುದ್ಧಕ್ಕೆ ಹೋದ ಗಂಡ ಗುರುತು ಮರೆಸಿಕೊಂಡು ಬಂದು ಹೆಂಡತಿಯನ್ನು ಪರೀಕ್ಷಿಸುವುದು, ಪರಪುರುಷನಿಗೆ ಒಲಿದ ರಾಣಿ, ಇಂಥವು!

ಒಂದು ಹಾಡಿನ ಕಥೆ ನನ್ನನ್ನು ಬಿಟ್ಟಿಲ್ಲ. ಮುಸ್ಲಿಂ ರಾಣಿಯೊಬ್ಬಳಿಗೆ ಕ್ರೈಸ್ತ ದಾಸಿ ಬೇಕು. ಸೆರೆಹಿಡಿದು ತಂದವಳು ಗರ್ಭಿಣಿ, ರಾಣಿಯೂ ಗರ್ಭಿಣಿ. ಒಂದೇ ದಿನ ಹೆರಿಗೆ. ದಾಸಿಗೆ ಗಂಡು, ರಾಣಿಗೆ ಹೆಣ್ಣು. ಸೂಲಗಿತ್ತಿಯರು ಮಕ್ಕಳನ್ನು ಅದಲುಬದಲು ಮಾಡುತ್ತಾರೆ. ಕೈಗೆ ಬಂದ ಹೆಣ್ಣುಮಗುವನ್ನು ತೂಗುತ್ತಾ ದಾಸಿ, ನೀನು ನನ್ನ ಮಗಳಾಗಿದ್ದರೆ ಮುಸ್ಲಿಮರು ಹೊತ್ತೊಯ್ದ ನನ್ನ ಒಡಹುಟ್ಟಿದವಳ ಹೆಸರಿಡುತ್ತಿದ್ದೆ ಎಂದು ಹಾಡಿಕೊಳ್ಳುತ್ತಾಳೆ. ರಾಣಿಯ ಕಿವಿಗೆ ಅದು ಬೀಳುತ್ತದೆ. ಆ ಒಡಹುಟ್ಟಿದವಳು ರಾಣಿಯೇ.

ಮುಸ್ಲಿಂ ರಾಣಿ, ಕ್ರೈಸ್ತ ದಾಸಿ. ಹಾಡುವವಳು ಯಹೂದಿ ತಾಯಿ. ಹೊತ್ತೊಯ್ದವರು ನಮ್ಮವರು ಎಂಬುದು ಚುಚ್ಚುತ್ತದೆ. ಕಥೆಗಾರನಾಗಿ ಆ ಮುಳ್ಳನ್ನು ಕಿತ್ತು ಈ ಕಥೆ ಹೇಳಲು ನನಗೆ ಮನಸ್ಸಿಲ್ಲ.

1911ರಲ್ಲಿ ಮನ್ರಿಕೆ ದೆ ಲಾರಾ ಎಂಬ ಸ್ಪೇನಿನ ಸಂಗ್ರಾಹಕರು ಈ ಊರುಗಳನ್ನು ಸುತ್ತಿ ಹಾಡುಗಳನ್ನು ಬರೆದುಕೊಂಡರು. 1943ರಲ್ಲಿ ನಾಜಿಗಳು ಸಲೋನಿಕಾದ ಬಹುಪಾಲು ಯಹೂದಿಗಳನ್ನು ಆಶ್‌ವಿಟ್ಸ್‌ಗೆ ಸಾಗಿಸಿದರು. ಹಾಡುವ ಅಜ್ಜಿಯರೂ ಆ ರೈಲುಗಳಲ್ಲೇ ಹೋದರು.

ಸರಾಯೆವೊದಲ್ಲಿ 1923ರಲ್ಲಿ ಹುಟ್ಟಿದ ಫ್ಲೋರಿ ಯಗೋಡಾ 1941ರಲ್ಲಿ ಬೇರೊಂದು ರೈಲು ಹತ್ತಿದರು. ಕೈಯಲ್ಲಿ ಸುಳ್ಳು ಹೆಸರಿನ ಕಾಗದ, ತೊಡೆಯ ಮೇಲೆ ಅಕಾರ್ಡಿಯನ್. ದಾರಿಯುದ್ದಕ್ಕೂ ನುಡಿಸಿದರಂತೆ, ಟಿಕೇಟು ಕೇಳಬೇಕಾದವನೂ ಜೊತೆಗೆ ಹಾಡಿದನಂತೆ. ಅವರ ಅಜ್ಜಿ ಯುದ್ಧದಲ್ಲಿ ಉಳಿಯಲಿಲ್ಲ. ಫ್ಲೋರಿ ಅಮೆರಿಕದಲ್ಲಿ, 2021ರಲ್ಲಿ ತೀರಿಕೊಂಡರು. ಅಜ್ಜಿ ಕಲಿಸಿದ ಹಾಡುಗಳನ್ನು ಅಷ್ಟರೊಳಗೆ ಎಷ್ಟೋ ಜನರಿಗೆ ಕಲಿಸಿಟ್ಟಿದ್ದರು.