ಆಜ್ಞೆಯ ಮಕ್ಕಳು

1966ರಲ್ಲಿ ರುಮೇನಿಯಾದಲ್ಲಿ ಹುಟ್ಟಿದ ಕೂಸುಗಳು ಸುಮಾರು 2.74 ಲಕ್ಷ. 1967ರಲ್ಲಿ 5.27 ಲಕ್ಷ! ಅಲ್ಲಿನ ದಂಪತಿಗಳಿಗೆ ಏಕಾಏಕಿ ಸಂತಾನಮೋಹ ಉಕ್ಕಿತೆಂದು ಯಾರೂ ತಿಳಿಯಬೇಕಾಗಿಲ್ಲ. ಅದು ಕಮ್ಯುನಿಸ್ಟ್ ನಾಯಕ ನಿಕೊಲಾಯ್ ಚೌಷೆಸ್ಕುವಿನ ಸರ್ಕಾರ 1966ರ ಅಕ್ಟೋಬರಿನಲ್ಲಿ ಹೊರಡಿಸಿದ 770ನೇ ಆಜ್ಞೆಯ ಮಹಿಮೆ.

ಗರ್ಭನಿರೋಧಕಗಳು ಅಪರೂಪವಾಗಿದ್ದ ಆ ದೇಶದಲ್ಲಿ ಹೆಂಗಸರು ಬಹುಪಾಲು ಗರ್ಭಪಾತವನ್ನೇ ನೆಚ್ಚಿದ್ದರು. ಆಜ್ಞೆ ಆ ಬಾಗಿಲು ಮುಚ್ಚಿತು. 45 ದಾಟಿದವರಿಗೆ, ನಾಲ್ಕು ಮಕ್ಕಳ ತಾಯಂದಿರಿಗೆ, ಇನ್ನು ಕೆಲವು ವಿಶೇಷ ಸಂದರ್ಭಗಳಲ್ಲಿ ಮಾತ್ರ ವಿನಾಯಿತಿ. 25 ದಾಟಿಯೂ ಮಕ್ಕಳಿಲ್ಲದವರಿಗೆ ತೆರಿಗೆ. ಹತ್ತು ಹೆತ್ತವಳಿಗೆ 'ವೀರಮಾತೆ' ಬಿರುದು. ಕಾರ್ಖಾನೆಗಳಿಗೆ ದುಡಿಯುವ ಕೈಗಳು ಬೇಕೆಂಬುದು ಸರ್ಕಾರದ ಲೆಕ್ಕ. (ಅದೇ ದಶಕದ ಕೊನೆಯಲ್ಲಿ ನಮ್ಮ ಗೋಡೆಗಳ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಮೂಡುತ್ತಿತ್ತು.)

ಕೂಸುಗಳೇನೋ ಬಂದವು. ಅವು ಬೆಳೆದು ಶಾಲೆಗೂ ಬರಬೇಕಲ್ಲ? ಒಂದೇ ತರಗತಿಗೆ, ಒಂದೇ ಪರೀಕ್ಷೆಗೆ, ಕೊನೆಗೆ ಒಂದೇ ನೌಕರಿಗೆ ಎಲ್ಲರೂ ಒಟ್ಟಿಗೇ ಮುಗಿಬಿದ್ದರು. ಅರ್ಥಶಾಸ್ತ್ರಜ್ಞ ಕ್ರಿಸ್ಟಿಯಾನ್ ಪಾಪ್-ಎಲೆಕೆಸ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸೋಜಿಗವಿದೆ. ಸರಾಸರಿ ನೋಡಿದರೆ ಈ ಮಕ್ಕಳು ಹಿಂದಿನವರಿಗಿಂತ ಮುಂದಿದ್ದರು. ಗರ್ಭಪಾತವನ್ನು ಹೆಚ್ಚಾಗಿ ನೆಚ್ಚಿದ್ದವರು ಪಟ್ಟಣದ ವಿದ್ಯಾವಂತ ಹೆಂಗಸರು. ಹಾಗಾಗಿ ಅಂಥ ಮನೆಗಳಲ್ಲೇ ತೊಟ್ಟಿಲು ಹೆಚ್ಚು ತೂಗಿತ್ತು. ಆದರೆ ಒಂದೇ ಬಗೆಯ ಮನೆತನದವರನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಆಜ್ಞೆಯ ನಂತರ ಹುಟ್ಟಿದವರು ಓದಿನಲ್ಲೂ ಉದ್ಯೋಗದಲ್ಲೂ ಹಿಂದೆ ಬಿದ್ದಿದ್ದರು. ಸರಾಸರಿ ಎಂಬುದು ಎಷ್ಟೋ ಸಂಕಟಗಳನ್ನು ಹೀಗೆ ಮರೆಮಾಚುತ್ತದೆ.

ಇಷ್ಟಾಗಿಯೂ ಜನನ ಪ್ರಮಾಣ ಮತ್ತೆ ಇಳಿಯಿತು. ಜನ ಕಳ್ಳದಾರಿ ಹಿಡಿದರು. ಎಂಬತ್ತರ ದಶಕದಲ್ಲಿ ಬಿಗಿ ಹೆಚ್ಚಿ, ಕಾರ್ಖಾನೆಗಳಿಗೇ ಹೋಗಿ ಹೆಂಗಸರ ಗರ್ಭ ತಪಾಸಣೆ ಮಾಡುವವರೆಗೂ ಬಂತು. ಗುಟ್ಟಾಗಿ ಮಾಡಿಸಿಕೊಂಡ ಗರ್ಭಪಾತಗಳಿಂದ ಸತ್ತವರು ಸುಮಾರು ಹತ್ತು ಸಾವಿರ ಎಂದು ಅಂದಾಜು. ಸಾಕಲಾಗದೆ ಬಿಟ್ಟ ಮಕ್ಕಳಿಂದ ಅನಾಥಾಲಯಗಳು ತುಂಬಿದವು.

1989ರ ಡಿಸೆಂಬರಿನಲ್ಲಿ ಟಿಮಿಷೋರಾ, ಬುಕಾರೆಸ್ಟ್ ಬೀದಿಗಳು ಸಿಡಿದೆದ್ದಾಗ 1967ರ ಕೂಸುಗಳಿಗೆ 22 ವರ್ಷ. ಚೌಷೆಸ್ಕುವನ್ನು ಉರುಳಿಸಲು ಬೀದಿಗಿಳಿದವರಲ್ಲಿ ಆತನ ಆಜ್ಞೆಯಿಂದಲೇ ಹುಟ್ಟಿದವರು ಬೇಕಾದಷ್ಟಿದ್ದರು. ಹೊಸ ಆಡಳಿತ ಮೊಟ್ಟಮೊದಲು ರದ್ದುಮಾಡಿದ ಕಾನೂನುಗಳಲ್ಲಿ ಆ ನಿಷೇಧವೂ ಒಂದು.

1990ರಲ್ಲಿ 2.32 ಕೋಟಿಯಿದ್ದ ಜನಸಂಖ್ಯೆ 2021ರ ಜನಗಣತಿಯಲ್ಲಿ 1.90 ಕೋಟಿಗೆ ಇಳಿದಿತ್ತು. ದುಡಿಯುವ ವಯಸ್ಸಿನ ಎಷ್ಟೋ ಮಂದಿ ಇಟಲಿ, ಸ್ಪೇನ್‌ಗಳಿಗೆ ಹೊರಟುಹೋಗಿದ್ದರು. 1967ರಲ್ಲಿ ಹುಟ್ಟಿದವರಿಗೆ 2032ರಲ್ಲಿ 65 ತುಂಬುತ್ತದೆ. ಪಿಂಚಣಿಯ ಸಾಲಿನಲ್ಲೂ ಅವರೆಲ್ಲ ಒಟ್ಟಿಗೇ ನಿಲ್ಲಬೇಕು.