ಮೂರನೆಯ ತಂತಿ

1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹರಿಹರದಲ್ಲಿ ಲೇತ್ ಯಂತ್ರಗಳನ್ನು ತಯಾರಿಸುತ್ತಿತ್ತು, ಜೊತೆಗೆ ಊರಿಗೊಂದು ಕಸುಬನ್ನೂ ಕಲಿಸಿತು. ಅದು ಮುಚ್ಚಿ ಎರಡು ದಶಕ ದಾಟಿದೆ. ಕಸುಬು ಮಾತ್ರ ಸಣ್ಣ ಶೆಡ್‌ಗಳಲ್ಲಿ, ಮನೆಗಳ ಹಿತ್ತಲಲ್ಲಿ ಉಳಿದುಕೊಂಡಿದೆ.

ಅಂಥದೊಂದು ಶೆಡ್‌ನಿಂದ ನನ್ನ ಅಕ್ಕನ ಮಗ ಹಳೆಯ ವೆಲ್ಡಿಂಗ್ ಮಷೀನ್ ಕೊಂಡು ದಾವಣಗೆರೆಯ ಆಜಾದ್ ನಗರದ ಮನೆಗೆ ತಂದ. ‘ಮಾಮೂ, ಗ್ರೈಂಡರ್ ಪ್ಲಗ್ಗಿಗೇ ಹಾಕೋಣ’ ಎಂದ. ಅವನ ಅವಸರ ನನಗೆ ತಿಳಿಯದ್ದಲ್ಲ. ದಿನಗೂಲಿ ಬಿಟ್ಟು ಸ್ವಂತ ಕೆಲಸಕ್ಕೆ ಇಳಿಯುವ ಹುಡುಗನಿಗೆ ಒಂದು ದಿನದ ನಷ್ಟವೂ ದೊಡ್ಡದೇ.

ಮೊದಲು ನೇಮ್‌ಪ್ಲೇಟ್ ಓದಿಸಿದೆ. ಹಳೆಯವುಗಳಲ್ಲಿ ಅನೇಕವು ಎರಡು ಫೇಸಿನ, 415 ವೋಲ್ಟಿನ ಯಂತ್ರಗಳು. ಸಿಂಗಲ್ ಫೇಸ್ ಮನೆಗೆ ಅವು ಹೊಂದುವುದಿಲ್ಲ. ಪಕ್ಕದ ಮನೆಯಿಂದ ಇನ್ನೊಂದು ಫೇಸ್ ಎಳೆಯುವ ಜಾಣರೂ ಇದ್ದಾರೆ. ಆಗ ಒಂದು ಮನೆಯ ಮೇನ್ ಆಫ್ ಮಾಡಿದರೂ ಇನ್ನೊಂದರ ಕರೆಂಟ್ ಯಂತ್ರದೊಳಗೆ ಕಾದು ಕುಳಿತಿರುತ್ತದೆ. ಪುಣ್ಯಕ್ಕೆ ಇವನದು 230 ವೋಲ್ಟಿನದು. ಇನ್ನು ಲೆಕ್ಕ: ಎರಡೂವರೆ ಮಿಲಿಮೀಟರ್ ರಾಡಿಗೆ ಸುಮಾರು 80 ಆಂಪಿಯರ್ ಬೇಕು. ಆರ್ಕ್ ಹತ್ತುವ ಮುನ್ನ ಹೋಲ್ಡರಿನಲ್ಲಿ 60 ವೋಲ್ಟ್ ಇದ್ದರೆ, ಎರಡನ್ನೂ ಗುಣಿಸಿ 230ರಿಂದ ಭಾಗಿಸಿ. ಮನೆಯ ಲೈನಿನಿಂದ 21 ಆಂಪಿಯರ್ ಎಳೆಯುತ್ತದೆ. ಗ್ರೈಂಡರ್ ಪ್ಲಗ್ಗು ಹೆಚ್ಚೆಂದರೆ 16ರದು. ಫ್ಯೂಸ್ ಹಾರಿತೆಂದು ದಪ್ಪ ತಂತಿ ಕಟ್ಟಿದರೆ ಗೋಡೆಯೊಳಗಿನ ವೈರೇ ಸುಡುತ್ತದೆ.

ಮೀಟರ್ ಬೋರ್ಡಿನಿಂದಲೇ ಬೇರೆ ಲೈನ್ ಆಗಬೇಕು: 6 ಚದರ ಮಿ.ಮೀ. ತಾಮ್ರದ ವೈರು, 32 ಆಂಪಿಯರ್ ಎಂಸಿಬಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ. ದುಡಿಮೆಗೆ ಮನೆಯ ಸಂಪರ್ಕ ಬಳಸುವಂತಿಲ್ಲ. ಪರವಾನಗಿ ಇರುವ ಕಂಟ್ರಾಕ್ಟರ್ ಮೂಲಕ ಬೆಸ್ಕಾಂಗೆ ಅರ್ಜಿ ಹಾಕಿಸಿದೆವು.

ಆದರೆ ನನ್ನ ಹಟವೆಲ್ಲ ಮೂರನೆಯ ತಂತಿಯದು. ಹಳೆಯ ಸುರುಳಿಯ ಹೊದಿಕೆ ಸುಟ್ಟು ಉದುರಿದರೆ ಕರೆಂಟ್ ಯಂತ್ರದ ಮೈಗೆ ಬರುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಮುಟ್ಟಿದವನೇ ಅರ್ಥಿಂಗ್. ಹೃದಯ ನಿಲ್ಲಲು ಒಂದು ಆಂಪಿಯರಿನ ಹತ್ತನೇ ಒಂದು ಪಾಲು ಸಾಕು, 32ರ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಹೋದ ಕರೆಂಟ್ ಅಷ್ಟೂ ಹಿಂದಿರುಗಿತೇ ಎಂದು ನೋಡುವುದು ಆರ್‌ಸಿಸಿಬಿ ಮಾತ್ರ. ನಮ್ಮ ಓಣಿಗಳಲ್ಲಿ ಅರ್ಥಿಂಗ್ ಎಂದರೆ ಎಷ್ಟೋ ಕಡೆ ನಲ್ಲಿ ಪೈಪಿಗೆ ಸುತ್ತಿದ ತಂತಿ. ಪೈಪು ಒಂದೇ ಮನೆಯದಲ್ಲ. ಇಲ್ಲಿ ಸೋರಿದ ಕರೆಂಟ್ ಆಚೆ ಮನೆಯಲ್ಲಿ ಒದ್ದೆ ಕೈಯಿಂದ ಕೊಡ ತುಂಬುವವಳಿಗೆ ಹೊಡೆಯಬಹುದು. ನೆರೆಯವರ ಹಕ್ಕಿನ ಬಗ್ಗೆ ಜುಮಾ ಖುತ್ಬಾಗಳಲ್ಲಿ ಎಷ್ಟೋ ಕೇಳಿದ್ದೇವೆ. ಈ ತಂತಿ ಆ ಬಾಬತ್ತಿಗೇ ಸೇರಿದ್ದು. ನ್ಯೂಟ್ರಲನ್ನು ಮೈಗೆ ಕಟ್ಟುವುದೂ ಅಷ್ಟೇ ಕೆಟ್ಟದ್ದು. ಕಂಬದಲ್ಲಿ ಅದು ಕಡಿದರೆ ಯಂತ್ರದ ಮೈಯೆಲ್ಲ ಕರೆಂಟ್.

ಕಂಟ್ರಾಕ್ಟರ್ ಮೆಗ್ಗರ್ ಹಚ್ಚಿ ಸುರುಳಿಗೂ ಮೈಗೂ ನಡುವೆ, ಎರಡು ಸುರುಳಿಗಳ ನಡುವೆ ನೋಡಿದರು. ಎರಡನೆಯದು ಕೆಟ್ಟಿದ್ದರೆ ಹೋಲ್ಡರಿನಲ್ಲೇ 230. ಮಷೀನ್ ಪಾಸಾಯಿತು. ಹುಡುಗ ಮುನಿಸಿಕೊಂಡೇ ಹಿತ್ತಲಲ್ಲಿ ಎರಡೂವರೆ ಮೀಟರ್ ಗುಂಡಿ ತೋಡಿದ. ಜಿಐ ಪೈಪು, ಇದ್ದಿಲು, ಉಪ್ಪು ಬಿದ್ದವು. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅರ್ಥಿಂಗ್ ಕೈಕೊಡುತ್ತದೆ. ವಾರಕ್ಕೊಮ್ಮೆ ಅದಕ್ಕೊಂದು ಕೊಡ ನೀರು ಹಾಕುವ ಕೆಲಸವನ್ನು ಅಕ್ಕ ತಾನೇ ವಹಿಸಿಕೊಂಡಿದ್ದಾಳೆ.