ಅಪ್ಪನ ಪೆಟ್ಟಿಗೆಗೆ ಯಾವ ಜೇನು?

ನಮ್ಮ ಕರಾವಳಿಯಲ್ಲಿ ನುಸಿ ಅಂದ್ರೆ ಎಲ್ಲರಿಗೂ ನೆನಪಾಗೋದು ತೆಂಗಿನಕಾಯಿ. ಜೇನಿಗೂ ನುಸಿ ಹಿಡಿಯುತ್ತದೆ ಅಂತ ನನಗೆ ಗೊತ್ತಾಗಿದ್ದು ಮನೆಯ ವಾಟ್ಸ್ಆ್ಯಪ್ ಗ್ರೂಪಿನ ಜಗಳದಿಂದ.

ಕಾಪುವಿನ ತೋಟದಲ್ಲಿ ಅಪ್ಪ ಎರಡು ಪೆಟ್ಟಿಗೆ ತುಡುವೆ ಜೇನು ಸಾಕಿದ್ದಾರೆ. ನಿವೃತ್ತರಾದ ಮೇಲೆ ಅವರಿಗೆ ಅದೇ ಆಫೀಸು. ಬೆಂಗಳೂರಿನಿಂದ ತಮ್ಮ ಬರೆದ: “ಅಪ್ಪ, ಇಟಾಲಿಯನ್ ಜೇನು ತರಿಸುವ. ತುಪ್ಪ ಮೂರು ಪಟ್ಟು ಸಿಗ್ತದಂತೆ. ದುಡ್ಡು ನಾನು ಹಾಕ್ತೇನೆ.” ಅಪ್ಪನ ಉತ್ತರ ಒಂದೇ ಸಾಲು: “ಅದಕ್ಕೆ ನುಸಿ ಬೀಳ್ತದೆ ಮಾರಾಯಾ, ಮದ್ದು ಹಾಕ್ಲಿಕ್ಕೆ ನೀನು ಬರ್ತೀಯಾ?”

ಓದಿ ನೋಡಿದೆ. ವರೋವಾ ಎಂಬ ಈ ಕೆಂಗಂದು ನುಸಿ ಸಣ್ಣ ಸಾಸಿವೆಯಷ್ಟಿರುತ್ತದೆ. ಮರಿಯಿರುವ ಕೋಣೆಗೆ ನುಗ್ಗಿ ಅಲ್ಲೇ ಮೊಟ್ಟೆಯಿಡುತ್ತದೆ, ಮರಿಯ ಕೊಬ್ಬು ತಿನ್ನುತ್ತದೆ, ರೆಕ್ಕೆ ಮುರುಟಿಸುವ ವೈರಸ್ಸನ್ನೂ ದಾಟಿಸುತ್ತದೆ.

ಇದರ ಮೂಲ ಮನೆ ನಮ್ಮ ಏಷ್ಯಾದ ತುಡುವೆಯೇ. ಆದರೆ ಸಾವಿರಾರು ವರ್ಷ ಒಟ್ಟಿಗೆ ಬಾಳಿ ತುಡುವೆ ಇದನ್ನು ಸಂಭಾಳಿಸಲು ಕಲಿತಿದೆ. ಮೈಮೇಲಿನ ನುಸಿಯನ್ನು ಉಜ್ಜಿ ಕಿತ್ತು ಹಾಕುತ್ತದೆ. ನುಸಿಯ ಸಂತಾನ ಹೆಚ್ಚಾಗಿ ಗಂಡುಮರಿಗಳ ಕೋಣೆಗಷ್ಟೇ ಸೀಮಿತ. ಯುರೋಪಿನ ಜೇನಿಗೆ ಈ ಅಭ್ಯಾಸವಿಲ್ಲ. ಅದನ್ನು ಏಷ್ಯಾಕ್ಕೆ ತಂದಾಗ ನುಸಿ ಅದಕ್ಕೆ ಹಾರಿತು, ಕೆಲಸಗಾರ ನೊಣದ ಮರಿಗಳಲ್ಲೂ ಹೆಚ್ಚಿತು, ಪ್ರಪಂಚವೆಲ್ಲ ಸುತ್ತಿತು. ಬಹುಕಾಲ ದೂರವಿದ್ದ ಆಸ್ಟ್ರೇಲಿಯಾದಲ್ಲೂ 2022ರ ಜೂನ್‌ನಲ್ಲಿ ಸಿಕ್ಕಿತು. ಪೂರ್ತಿ ನಿರ್ಮೂಲನೆ ಸಾಧ್ಯವಿಲ್ಲ ಅಂತ 2023ರಲ್ಲಿ ಅಲ್ಲಿಯವರು ಕೈಬಿಟ್ಟರು.

ಹಾಗಂತ ತುಡುವೆಗೆ ಯಾವ ರೋಗವೂ ಬರುವುದಿಲ್ಲ ಅಂತಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ಬಂದು ಕರ್ನಾಟಕ, ಕೇರಳದ ಬಹುಪಾಲು ಪೆಟ್ಟಿಗೆಗಳು ಖಾಲಿಯಾದವು. ಮರಿಗಳು ನೀರು ತುಂಬಿದ ಚೀಲದಂತಾಗಿ ಸಾಯುತ್ತಿದ್ದವು. ಉಳಿದ ಕೆಲವು ಕುಟುಂಬಗಳಿಂದಲೇ ಜೇನು ಸಾಕಣೆ ಮತ್ತೆ ಚಿಗುರಿತು.

ನನಗನ್ನಿಸಿದ್ದು ಇಷ್ಟು: ದುಡ್ಡು ಕಳಿಸೋದು ಸುಲಭ, ದಿನಾ ನೋಡಿಕೊಳ್ಳಬೇಕಾದವರು ಅಪ್ಪ. ಇಟಾಲಿಯನ್ ಜೇನು ಸಾಕಿ ಗೆದ್ದವರಿದ್ದಾರೆ, ಆದರೆ ನುಸಿ ಎಷ್ಟಿದೆ ಅಂತ ಆಗಾಗ ಲೆಕ್ಕ ಹಾಕಬೇಕು, ಬೇಕಾದಾಗ ಮದ್ದು ಕೊಡಬೇಕು. ಎಪ್ಪತ್ತರ ಹತ್ತಿರದ ಅಪ್ಪನಿಗೆ, ತನ್ನ ಕಾಳಜಿ ತಾನೇ ಮಾಡಿಕೊಳ್ಳುವ ಹುಳವೇ ಒಳ್ಳೆಯದು. ತುಪ್ಪ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ.

ಕೊನೆಗೆ ತಮ್ಮನೂ ಒಪ್ಪಿದ. ಅವನ ದುಡ್ಡಲ್ಲಿ ಮೂರನೇ ಪೆಟ್ಟಿಗೆ ಬಂತು, ಒಳಗೆ ಊರಿನ ತುಡುವೆಯೇ. ಭಾನುವಾರ ಮಣಿಪಾಲದಿಂದ ಹೋಗಿ ಎರಿ ಪರೀಕ್ಷಿಸುವ ಕೆಲಸ ನನ್ನದು. ಅಪ್ಪನ ಕನ್ನಡಕಕ್ಕೆ ಅಷ್ಟು ಸಣ್ಣ ನುಸಿ ಕಾಣುವುದಿಲ್ಲ. ಅವರದನ್ನು ಒಪ್ಪುವುದೂ ಇಲ್ಲ.